ಎದುರುಮನೆಯ ಕೀಲಿ

ಮೊಣಕೈ ಸಂದಿಗೆ ಹುಣಸೆಹಣ್ಣು ತಾನಾಗಿ ಹತ್ತುವುದಿಲ್ಲ, ಹತ್ತಿಸಬೇಕು. ಹೆಬ್ಬೆರಳಿನಲ್ಲಿ ಒತ್ತಿ, ತೆಂಗಿನ ನಾರಿನಲ್ಲಿ ತಿಕ್ಕಿ, ಮೇಲೊಂದು ಚಿಟಿಕೆ ಉಪ್ಪು ಹಾಕಿ ಮತ್ತೆ ತಿಕ್ಕಿದರೆ ಆಗ ಹಿತ್ತಾಳೆ ನಗುತ್ತದೆ. ಅವತ್ತು ಶುಕ್ರವಾರ. ನಮ್ಮ ಮನೆಯ ನೀರು ಹುಯ್ಯುವವಳ ಎಡ ಮೊಣಕೈ ಮುಗಿಸಿ ಬಲಕ್ಕೆ ಬಂದಿದ್ದೆ. ಅವಳು ಎಂದಿನಂತೆ ಸೊಂಟ ಅರ್ಧ ಬಗ್ಗಿಸಿ, ಗಿಂಡಿ ಅರ್ಧ ವಾಲಿಸಿ, ಇನ್ನೇನು ಹುಯ್ದೇಬಿಟ್ಟೆ ಅನ್ನುವ ಹಾಗೆ ನಿಂತಿದ್ದಳು. ಒಂಬತ್ತು ವರ್ಷದಿಂದ ಹಾಗೇ ನಿಂತಿದ್ದಳು. ಮನೆಗೆ ಬಂದ ನೆಂಟರು ಮೊದಲು ಅವಳ ಮುಂದೆ ಕೈ ಒಡ್ಡುತ್ತಾರೆ, ಸ್ವಲ್ಪ ಹೊತ್ತು ಕಾಯುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ನಾನು ಹಿತ್ತಲಿನ ಕಡೆ ತೋರಿಸುತ್ತೇನೆ. ನಮ್ಮ ಮನೆಯವರು ಮೊದಲ ವರ್ಷ ಅವಳನ್ನು ದಾಟಿ ಹೋಗುವಾಗಲೆಲ್ಲ "ಪಾಪ" ಅನ್ನುತ್ತಿದ್ದರು. ಎರಡನೇ ವರ್ಷದಿಂದ ತಲೆಯ ರುಮಾಲು ತೆಗೆದು ಅವಳ ಗಿಂಡಿಗೆ ನೇತುಹಾಕತೊಡಗಿದರು.

"ಹೊಂಬಾಳಜ್ಜೀ, ಅದೇ ಕಚೇರಿಯಿಂದ ಬಂದಿದೆ," ಅಂತ ಅಂಚೆ ಸಣ್ಣಮಾದು ಬಾಗಿಲಲ್ಲಿ ಸೈಕಲ್ ಒರಗಿಸಿದ. "ಈ ಸಲ ಕೆಂಪು ಶಾಯಿ."

"ಓದಿದೆಯೇನೋ?"

"ಛೆ ಛೆ. ಅಂಚೆಯವನು ಯಾರ ಕಾಗದಾನೂ ಓದಬಾರದು. ಬಿಸಿಲಿಗೆ ಹಿಡಿದೆ ಅಷ್ಟೆ. ಲಾರಿ ಅಂತ ಇದೆ."

ಹುಣಸೆಹಣ್ಣಿನ ಕೈಯಲ್ಲೇ ಒಡೆದು ಓದಿದೆ. ಲಾರಿ ಅಂತಲೇ ಇತ್ತು. ನಮ್ಮ ಊರಿನಲ್ಲಿರುವ, ತಾವಾಗಿಯೇ ಚಲಿಸುವ ಹಿತ್ತಾಳೆ ಮತ್ತು ಮರದ ಆಕೃತಿಗಳನ್ನು ಸ್ಥಳೀಯರು ಯಾವ ಪದದಿಂದ ಕರೆಯುತ್ತಾರೆ ಎಂಬುದಕ್ಕೆ ಒಂಬತ್ತು ವರ್ಷಗಳಿಂದ ಉತ್ತರ ಬಂದಿಲ್ಲ. ಇದು ಕಡೆಯ ಜ್ಞಾಪನೆ. ಎಂಟು ದಿನದೊಳಗೆ ಪತ್ರ ಅಂಚೆಗೆ ಬೀಳದಿದ್ದರೆ ಅವನ್ನು 'ಗುರುತಿಲ್ಲದ ಲೋಹದ ಸಾಮಾನು' ಎಂದು ದಾಖಲಿಸಿ, ತೂಕ ಮಾಡಿ, ಲಾರಿಯಲ್ಲಿ ಉಗ್ರಾಣಕ್ಕೆ ಸಾಗಿಸಲಾಗುವುದು. ಕೆಳಗೆ ಒಂದು ರುಜು, ಪಕ್ಕದಲ್ಲಿ ಕೆಂಪು ಗೆರೆ.

ನಾನು ತಿರುಗಿ ಅವಳನ್ನು ನೋಡಿದೆ. ಗಿಂಡಿಯಲ್ಲಿ ರುಮಾಲು ನೇತಾಡುತ್ತಿತ್ತು.

ನಮ್ಮ ಊರಿನಲ್ಲಿ ಮನೆಗೊಬ್ಬರು ಹೀಗಿದ್ದಾರೆ. ನೀರು ಹುಯ್ಯುವವರು, ಬೀಸಣಿಗೆ ಬೀಸುವವರು, ಕನ್ನಡಿ ಹಿಡಿಯುವವರು, ತಮಟೆ ಬಾರಿಸುವವರು, ಒಟ್ಟು ಎಂಬತ್ತಮೂರು. ಯಾರು ಮಾಡಿದ್ದು ಅಂತ ನನ್ನನ್ನು ಕೇಳಬೇಡಿ, ನಮ್ಮಜ್ಜಿಗೂ ಗೊತ್ತಿರಲಿಲ್ಲ. ಗೊತ್ತಿರಬೇಕಾದ್ದು ಇಷ್ಟೇ: ನಿಮ್ಮ ಮನೆಯಲ್ಲಿರುವ ಇಂಥವರ ಕೀಲಿ ನಿಮ್ಮ ಮನೆಯಲ್ಲಿರುವುದಿಲ್ಲ. ಎದುರುಮನೆಯ ನಡುಕಂಬಕ್ಕೆ ನೇತುಬಿದ್ದಿರುತ್ತದೆ. ಬೆಳಿಗ್ಗೆ ಎದ್ದು ಮುಖ ತೊಳೆದು ಎದುರುಮನೆಯವರು ನಿಮ್ಮ ಮನೆಗೆ ಬಂದು, ಅದನ್ನು ತೂರಿಸಿ ತಿರುಗಿಸಿ ಕೀಲಿ ಕೊಡಬೇಕು, ನೀವು ಅವರ ಮನೆಗೆ ಹೋಗಿ ಕೀಲಿ ಕೊಡಬೇಕು. ಹೀಗಾಗಿ ನಮ್ಮಲ್ಲಿ ಜನ ಅಣ್ಣತಮ್ಮಂದಿರ ಜೊತೆ ಜಗಳವಾಡುತ್ತಾರೆ, ಬೀಗರ ಜೊತೆ ಆಡುತ್ತಾರೆ, ಎದುರುಮನೆಯವರ ಜೊತೆ ಮಾತ್ರ ಹುಷಾರಾಗಿರುತ್ತಾರೆ. ಹೆಣ್ಣು ನೋಡಲು ಬಂದವರು ಮೊದಲು ಎದುರುಮನೆ ಹೇಗಿದೆ ಅಂತ ವಿಚಾರಿಸುತ್ತಾರೆ. ತಿಪ್ಪಯ್ಯನ ಎದುರುಮನೆಯವರು ಒಂದು ಬೇಲಿ ವಿಷಯಕ್ಕೆ ಮಾತು ಬಿಟ್ಟಾಗ, ಅವನ ಮನೆಯ ತಮಟೆಯವನು ಎರಡು ವರ್ಷ ಎತ್ತಿದ ಕೈ ಇಳಿಸಲಿಲ್ಲ. ರಾಜಿಯಾದ ದಿನ ಕೀಲಿ ಕೊಟ್ಟ ತಕ್ಷಣ ಎರಡು ವರ್ಷದ ಹಿಂದಿನ ಏಟು ಬಿತ್ತು. ಅಡ್ಡ ನಿಂತಿದ್ದದ್ದು ತಿಪ್ಪಯ್ಯನ ಹೊಸ ಅಳಿಯ. ಕಳ್ಳಕೀಲಿ ಮಾಡಿಸಬಹುದಲ್ಲ ಅನ್ನುತ್ತೀರಿ. ಮಾಡಿಸಬಹುದು. ಹಿಂದೆ ಒಬ್ಬ ಮಾಡಿಸಿದ್ದ. ಅವನ ಮರಿಮಕ್ಕಳನ್ನು ಇವತ್ತಿಗೂ ಕಳ್ಳಕೀಲಿ ಮನೆಯವರು ಅಂತಲೇ ಕರೆಯುತ್ತಾರೆ.

ನಮ್ಮ ಎದುರುಮನೆ ಕೆಂಪನಂಜಮ್ಮನವರದು. ನಮ್ಮ ಜಗಳಕ್ಕೂ ಈ ಕಾಗದವೇ ಕಾರಣ.

ಕಾಗದ ಮೊದಲ ಸಲ ಬಂದಾಗ ಎಲ್ಲರೂ ಹಿಗ್ಗಿದ್ದೆವು. ಪದಗಳನ್ನು ಕೂಡಿಹಾಕುವ ಕಚೇರಿಯಂತೆ, ನಮ್ಮ ಊರಿನದೂ ಒಂದು ಪದ ಬೇಕಂತೆ. ಉತ್ತರ ಬರೆಯುವ ಕೆಲಸ ನನಗೆ ಬಿತ್ತು. ನಾನು ನಲವತ್ತೆರಡನೇ ವಯಸ್ಸಿಗೆ ರಾತ್ರಿಶಾಲೆಗೆ ಸೇರಿ ಅಕ್ಷರ ಕಲಿತವಳು. ಕಲಿತದ್ದು ತಡವಾದ್ದರಿಂದ ನಿಧಾನವಾಗಿ ಬರೆಯುತ್ತೇನೆ, ನಿಧಾನವಾದ್ದರಿಂದ ದುಂಡಗೆ ಬರುತ್ತದೆ, ದುಂಡಗಿರುವುದರಿಂದ ಊರಿನ ಅರ್ಜಿಗಳೆಲ್ಲ ನನ್ನ ತಲೆಗೆ. "ತಮ್ಮ ಪತ್ರ ತಲುಪಿತು. ನಮ್ಮ ಊರಿನಲ್ಲಿ ಇವನ್ನು" ಅಂತ ಬರೆದು, ಒಂದು ಬೆರಳಗಲ ಜಾಗ ಬಿಟ್ಟು, "ಎಂದು ಕರೆಯುತ್ತೇವೆ" ಅಂತ ಮುಗಿಸಿದೆ. ಆ ಬೆರಳಗಲ ತುಂಬಲು ಶಾಲೆಯಲ್ಲಿ ಸಭೆ ಸೇರಿತು.

ಮೇಲಿನ ಕೇರಿಯವರು ಜಂತ್ರ ಅಂದರು. ಕೆಳಗಿನ ಕೇರಿಯವರು, ಜಂತ್ರ ಅಂದರೆ ಮಕ್ಕಳ ತೋಳಿಗೆ ಕಟ್ಟೋದು, ಕೀಲುಗೊಂಬೆ ಅನ್ನಿ ಅಂದರು. ಗೊಂಬೆ ಅಂದರೆ ಮಕ್ಕಳಾಟ ಆಯ್ತಲ್ಲ, ನಮ್ಮ ತಮಟೆಯವನು ಆಡೋ ವಯಸ್ಸಿನವನಾ ಅಂತ ತಿಪ್ಪಯ್ಯ ಎದ್ದ. ಪ್ಯಾರೇಜಾನ್ ಸಾಬರು ನಮ್ಮ ಮನೇಲಿ ಕಲ್ ಕೀ ಪುತ್ಲಿ, ಯಂತ್ರದ ಬೊಂಬೆ, ಅಂತೀವಿ, ಬರೆದರೆ ಬರೀರಿ, ಬಿಟ್ಟರೆ ಬಿಡಿ ಅಂದರು. ರಾತ್ರಿಶಾಲೆಯ ನಿರ್ವಾಣಪ್ಪ ಮೇಷ್ಟ್ರು ಕನ್ನಡಕ ಒರೆಸಿಕೊಂಡು, ಯಂತ್ರಪುರುಷ ಅನ್ನೋದು ಗಂಭೀರವಾಗಿರುತ್ತೆ ಅಂದರು. ಹೆಂಗಸರ ಕಡೆಯಿಂದ ದೊಡ್ಡ ಗಲಾಟೆಯೆದ್ದಿತು. "ಸಾ, ನಮ್ಮನೆಯೋಳಿಗೆ ಮೂಗುತಿ ಇದೆ!"

ಮೇಷ್ಟ್ರಿಗೆ ಇಂಥ ಅವಕಾಶ ಸಿಕ್ಕಿದರೆ ಬಿಡುವವರಲ್ಲ. ಇದೇನು ನಮ್ಮೂರಲ್ಲೇ ಹುಟ್ಟಿದ್ದಲ್ಲ ಅಂತ ಶುರುಮಾಡಿದರು. ನಮ್ಮ ಹಳೇ ಶಿಲ್ಪದ ಪುಸ್ತಕಗಳಲ್ಲೂ ಎಲೆಯಡಿಕೆ ಕೊಡುವ, ನೀರು ಚಿಮುಕಿಸುವ, ಕನ್ನಡಿ ಹಿಡಿಯುವ ಯಂತ್ರಗಳ ಮಾತಿದೆ. ಪಶ್ಚಿಮದ ಕಡೆ ನೀರಿನ ಒತ್ತಡದಿಂದ ಹಾಡುವ ಹಿತ್ತಾಳೆ ಹಕ್ಕಿಗಳಿದ್ದವು. ಇನ್ನೊಂದು ದೇಶದಲ್ಲಿ ಒಬ್ಬ ಪುಣ್ಯಾತ್ಮ ತಾಮ್ರದ ಬಾತುಕೋಳಿ ಮಾಡಿದ್ದ. ಅದು ಕಾಳು ತಿಂದು, ಎಲ್ಲರ ಎದುರಿಗೆ ಹಿಕ್ಕೆ ಹಾಕುತ್ತಿತ್ತು.

"ಅದಕ್ಕೆ ತಾಮ್ರ ಯಾಕೆ ಸಾ ದಂಡ? ನಿಜವಾದ್ದೇ ಧಾರಾಳವಾಗಿ ಹಾಕುತ್ತಲ್ಲ," ಅಂದಳು ಬಾತುಕೋಳಿ ಸಾಕಿದ್ದ ದೇವೀರಿ.

"ಅದೂ ಮೋಸ ಅಂತ ಆಮೇಲೆ ಗೊತ್ತಾಯಿತು. ಹಿಕ್ಕೆಯನ್ನು ಮೊದಲೇ ಬೇರೆ ಗೂಡಲ್ಲಿ ತುಂಬಿಟ್ಟಿರುತ್ತಿದ್ದನಂತೆ."

ಊರಿಗೆ ಊರೇ ಆ ಬಾತುಕೋಳಿಯವನಿಗೆ ಛೀಮಾರಿ ಹಾಕಿತು. ಮೇಷ್ಟ್ರು ಇನ್ನೊಂದು ಹೇಳಿದರು: ಚದುರಂಗ ಆಡುವ ಯಂತ್ರವೊಂದಿತ್ತು, ರಾಜರುಗಳನ್ನೇ ಸೋಲಿಸಿತ್ತು, ಕಡೆಗೆ ನೋಡಿದರೆ ಪೆಟ್ಟಿಗೆಯೊಳಗೆ ಮನುಷ್ಯ ಮಡಿಚಿಕೊಂಡು ಕೂತಿರುತ್ತಿದ್ದ. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ, ಅವನ ಮಂಡಿ ಎಷ್ಟು ನೋಯುತ್ತಿತ್ತೋ ಅನ್ನಿಸಿತು.

ಅಷ್ಟರಲ್ಲಿ ಕೆಂಪನಂಜಮ್ಮನವರು, "ನಮ್ಮ ಅಳಿಯಂದಿರು ಹೇಳಿದ್ರು, ಈಗ ಎಲ್ಲ ಕಡೆ ರೋಬೋ ಅಂತಾರಂತೆ. ಅದನ್ನೇ ಬರೆದು ಕಳಿಸಿ, ಊಟದ ಹೊತ್ತಾಯ್ತು," ಅಂದರು.

ಮೇಷ್ಟ್ರು ಅದಕ್ಕೂ ಕನ್ನಡಕ ಒರೆಸಿದರು. "ಅದು ಹಳೇ ಪದವಲ್ಲ ತಾಯಿ. ನೂರು ವರ್ಷದ ಹಿಂದೆ ಹೊರದೇಶದ ಒಂದು ನಾಟಕಕ್ಕೆ ಅಂತ ಹುಟ್ಟಿದ್ದು. ಅದರ ಮೂಲ ಅವರ ಭಾಷೆಯಲ್ಲಿ ಬಿಟ್ಟಿ ಚಾಕರಿ ಅನ್ನೋ ಮಾತು."

ನಾನು ಏಳನೇ ವಯಸ್ಸಿನಿಂದ ಹದಿನೇಳರವರೆಗೆ ಕೆಂಪನಂಜಮ್ಮನವರ ತಾಯಿಯ ಮನೆಯಲ್ಲಿ ಇದ್ದವಳು. ಇದ್ದೆ ಅಂದರೆ ಹೊಟ್ಟೆಗೆ ಹಾಕುತ್ತಿದ್ದರು, ಕೆಲಸ ಮಾಡುತ್ತಿದ್ದೆ. ಬಂದವರ ಕೈಗೆ ನೀರು ಹುಯ್ಯುವುದು ನನ್ನ ಮುಖ್ಯ ಕೆಲಸ. ಆ ಮನೆಯಲ್ಲಿ ಮಡಿ ಜಾಸ್ತಿ. ಎಂಜಲು ಅಂದರೆ ಕಳ್ಳತನಕ್ಕಿಂತ ದೊಡ್ಡ ತಪ್ಪು. ಗಿಂಡಿಯ ಬಾಯಿ ಯಾರ ಬೆರಳಿಗೂ ತಾಗದ ಹಾಗೆ ಹುಯ್ಯಬೇಕಿತ್ತು. ಜಗುಲಿಯಲ್ಲಿ ನಿಂತರೆ ಎದುರುಮನೆಯ ಬಾಗಿಲಲ್ಲಿ ಇವಳು, ಇದೇ ಹಿತ್ತಾಳೆಯವಳು, ನನ್ನದೇ ಕೆಲಸ ಮಾಡುವುದು ಕಾಣುತ್ತಿತ್ತು. ಕೀಲಿ ಮುಗಿದರೆ ಅವಳು ನಿಲ್ಲುತ್ತಿದ್ದಳು. ನನಗೆ ಆ ಸವಲತ್ತು ಇರಲಿಲ್ಲ. ಆಮೇಲೆ ಅದೇ ಎದುರುಮನೆಗೆ ಸೊಸೆಯಾಗಿ ಬಂದೆ. ತಾಯಿಯ ಮನೆ ಮಗಳಿಗೆ ಉಳಿಯಿತು, ನಾವು ಎದುರುಬದುರು ಮುದುಕಿಯರಾದೆವು, ದಿನಾ ಕೀಲಿ ಕೊಟ್ಟುಕೊಂಡೆವು. ಹಳೆಯ ಮಾತು ಒಂದು ದಿನವೂ ಎತ್ತಿರಲಿಲ್ಲ. ಅವತ್ತು ಅದೇನು ಬಂತೋ, ಎದ್ದು ನಿಂತು ಹೇಳಿಬಿಟ್ಟೆ:

"ಹಾಗಾದರೆ ಈ ಊರಿನ ಮೊದಲನೇ ರೋಬೋ ನಾನೇ. ಕೆಂಪನಂಜಮ್ಮನೋರ ಮನೇಲಿ ಹತ್ತು ವರ್ಷ ಓಡಿದೆ. ಕೀಲಿ ಕೂಡ ಬೇಕಾಗಿರಲಿಲ್ಲ."

ಜನ ಚದುರಂಗದ ಕಥೆಗೆ ನಕ್ಕದ್ದಕ್ಕಿಂತ ಜೋರಾಗಿ ನಕ್ಕರು. ಕೆಂಪನಂಜಮ್ಮನವರು ಸೆರಗು ಸರಿಮಾಡಿಕೊಂಡು ಹೊರಟುಹೋದರು. ಮರುದಿನ ಬೆಳಿಗ್ಗೆ ನಮ್ಮ ಮನೆಗೆ ಬಂದು, ಅರ್ಧ ಸುತ್ತು ಕೊಟ್ಟು, ಕೀಲಿ ಕಿತ್ತುಕೊಂಡು ಹೋದರು. ನಮ್ಮೂರಲ್ಲಿ ಅರ್ಧ ಕೀಲಿ ಅಂದರೆ ಬೈಗುಳಕ್ಕಿಂತ ದೊಡ್ಡ ಅವಮಾನ. ಇವಳು ಗಿಂಡಿ ವಾಲಿಸಿದಳು, ಅಲ್ಲಿಗೇ ನಿಂತಳು.

ನಾನು ಮಾತ್ರ ಒಂಬತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ದಿನಾ ಬೆಳಿಗ್ಗೆ ನಮ್ಮ ಕಂಬದ ಕೀಲಿ ತೆಗೆದುಕೊಂಡು ರಸ್ತೆ ದಾಟಿ, ಅವರ ಮನೆಯ ಎಲೆಯಡಿಕೆಯವನಿಗೆ ಪೂರ್ತಿ ಹನ್ನೆರಡು ಸುತ್ತು ಕೊಟ್ಟು, ಅವನು ತಟ್ಟೆ ಮುಂದೆ ಚಾಚಿದಾಗ ಒಂದು ಎಲೆ ತೆಗೆದುಕೊಂಡು, ಮಾತಾಡದೆ ವಾಪಸ್ಸು ಬರುತ್ತಿದ್ದೆ. ಊರಿನವರು ಹೊಂಬಾಳಮ್ಮನ ತಾಳ್ಮೆ ಅಂತ ಹೊಗಳಿದರು. ತಾಳ್ಮೆಯಲ್ಲ, ಅವರಿಗೆ ಉರಿಯಲಿ ಅಂತ. ಉರಿಯುತ್ತಿತ್ತು ಕೂಡ. ಕೆಂಪನಂಜಮ್ಮನವರು ಅಷ್ಟು ಹೊತ್ತೂ ಗೋಡೆ ನೋಡುತ್ತಾ ನಿಂತಿರುತ್ತಿದ್ದರು, ಆ ಜಾಗದ ಸುಣ್ಣ ಮಾತ್ರ ಪ್ರತಿ ವರ್ಷ ಮೊದಲು ಉದುರುತ್ತಿತ್ತು.

ಕೆಂಪು ಶಾಯಿಯ ಸುದ್ದಿ ಹರಡಿದ ಮೇಲೆ ನಮ್ಮ ಮನೆಯ ಮುಂದೆ ಮತ್ತೆ ಜನ. ಮೇಷ್ಟ್ರು ತೀರಿಕೊಂಡು ಮೂರು ವರ್ಷವಾಗಿತ್ತು. ಅವರಿಲ್ಲದೆ ಜಗಳಕ್ಕೆ ಓದುಬರಹದ ಕಳೆಯೇ ಇರಲಿಲ್ಲ. ಜಂತ್ರ ಅಂದರು, ಕೀಲುಗೊಂಬೆ ಅಂದರು, ಒಬ್ಬರ ತಾತನನ್ನು ಇನ್ನೊಬ್ಬರು ಎಳೆದರು. ನಾನು ರಾಗಿ ಡಬ್ಬದಿಂದ ಹಳೇ ಉತ್ತರ ತೆಗೆದೆ. ಕಾಗದ ಹಳದಿಯಾಗಿತ್ತು, ಬೆರಳಗಲ ಜಾಗ ಹಾಗೇ ಇತ್ತು. ಅಲ್ಲಿ ಎಂಥದೋ ಒಂದು ಗೀಚಿ ಕಳಿಸಬಹುದಿತ್ತು. ಪೆನ್ನು ಹಿಡಿದಾಗಲೆಲ್ಲ ಬರೆಯಲು ಕೈ ಏಳುತ್ತಿರಲಿಲ್ಲ.

ಏಳನೇ ದಿನ ಬೆಳಿಗ್ಗೆ ಕೀಲಿ ಕೊಡಲು ಹೋದಾಗ ಕೆಂಪನಂಜಮ್ಮನವರು ಗೋಡೆ ನೋಡುತ್ತಿರಲಿಲ್ಲ, ಎಲೆಯಡಿಕೆಯವನ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಅವನಿಗೆ ಮೈಯೆಲ್ಲ ಎಣ್ಣೆ ಹಚ್ಚಿದ್ದರು, ಹಣೆಗೆ ಬೊಟ್ಟು ಬೇರೆ.

"ತೂಕ ಹಾಕ್ತಾರಂತೆ," ಅಂದರು. ಒಂಬತ್ತು ವರ್ಷದ ಮೇಲೆ ಮೊದಲ ಮಾತು.

"ಹಾಕ್ತಾರಂತೆ."

"ತಲೆಕೆಳಗೆ ನೇತುಹಾಕ್ತಾರಾ?"

"ಅದನ್ನ ಬರೆದಿಲ್ಲ ಅಮ್ಮಾವ್ರೆ."

"ಏನೋ ಒಂದು ಹಾಕಿ ಕಳಿಸಬಾರದೇನೇ ಹೊಂಬಾಳಿ? ಯಾವುದಾದರೇನು?"

ನಾನು ಹನ್ನೆರಡನೇ ಸುತ್ತು ಮುಗಿಸಿ ಕೀಲಿ ತೆಗೆದೆ. "ಯಾವುದಾದರೇನು ಅನ್ನೋದೇ ನನಗೆ ಆಗಲ್ಲ. ನಿಮ್ಮಮ್ಮ ಹತ್ತು ವರ್ಷ ನನ್ನ 'ಏ ಹುಡುಗಿ' ಅಂದ್ರು. ನನ್ನ ಮುಂಚೆ ಇದ್ದವಳೂ ಏ ಹುಡುಗಿ. ನಾನು ಹೋದ ಮೇಲೆ ಬಂದವಳೂ ಏ ಹುಡುಗಿ."

ಎಲೆಯಡಿಕೆಯವನು ಕರ್ ಕರ್ ಅಂತ ತಟ್ಟೆ ಚಾಚಿದ. ವಯಸ್ಸಾಗಿ ಅವನ ಕೈ ಸ್ವಲ್ಪ ಜಿಪುಣವಾಗಿತ್ತು, ಚಾಚಿದ ತಕ್ಷಣ ಎಳೆದುಕೊಳ್ಳುತ್ತಿದ್ದ. ನಾನು ಎಲೆ ಹಿಡಿಯುವುದರೊಳಗೆ ತಟ್ಟೆ ಹಿಂದಕ್ಕೆ ಹೋಯಿತು.

"ಕೊಡೋ ರಾಜಶೇಖರ," ಅಂದರು ಕೆಂಪನಂಜಮ್ಮನವರು, ಅಭ್ಯಾಸದ ಮೇಲೆ. ಆಮೇಲೆ ಬಾಯಿ ಮುಚ್ಚಿಕೊಂಡರು.

"ಯಾರು?"

"ಯಾರಿಲ್ಲ."

"ರಾಜಶೇಖರನಾ?"

ಎಪ್ಪತ್ತೆಂಟು ವರ್ಷದ ಹೆಂಗಸು ನಾಚಿಕೊಂಡದ್ದನ್ನು ನಾನು ಅವತ್ತೇ ನೋಡಿದ್ದು. "ಹದಿನಾರು ವರ್ಷದಲ್ಲಿ ಇಟ್ಟದ್ದು ಕಣೆ. ದಿನಾ ಬೆಳಿಗ್ಗೆ ಕೇಳದೇನೇ ಎಲೆ ಕೊಡೋನು ಇವನೊಬ್ಬನೇ."

"ನಿಮ್ಮ ಯಜಮಾನರಿಗೆ ಗೊತ್ತಿತ್ತಾ?"

"ಗೊತ್ತಿದ್ದರೆ ಗೂಳಪ್ಪನೋರು ಇವನನ್ನ ಮನೇಲಿ ಇಟ್ಟುಕೊಳ್ತಿದ್ರಾ?"

ನನಗೆ ಬಂದ ನಗು ಮೂಗಿನಲ್ಲಿ ಬಂತು. ಅವರು ಮೊದಲು ಮುಖ ಗಂಟು ಹಾಕಿದರು, ಆಮೇಲೆ ಅವರಿಗೂ ಬಂತು. ಇಬ್ಬರೂ ರಾಜಶೇಖರನ ಒಂದೊಂದು ಭುಜ ಹಿಡಿದುಕೊಂಡು ನಕ್ಕೆವು. ಅವನು ಇನ್ನೊಂದು ಸಲ ತಟ್ಟೆ ಚಾಚಿ ಎಳೆದುಕೊಂಡ.

ನಗು ನಿಂತ ಮೇಲೆ ನಾನು ಮನೆಗೆ ಹೋಗಿ ಪೆನ್ನು, ಬಿಳಿ ಹಾಳೆ ತಂದೆ. ಹೀಗೆ ಗುಟ್ಟಾಗಿ ಹೆಸರಿಟ್ಟವರು ಅವರೊಬ್ಬರೇ ಇರಲಾರರು ಅನ್ನಿಸಿತ್ತು. ತಿಪ್ಪಯ್ಯನ ಮನೆಗೆ ಹೋಗಿ ನೇರ ಕೇಳಿದೆ, ಸಭೆಯಲ್ಲಿ ಅನ್ನೋದು ಬಿಡಪ್ಪ, ಬಾಗಿಲು ಹಾಕಿಕೊಂಡಾಗ ನಿಮ್ಮ ತಮಟೆಯವನನ್ನು ಏನಂತ ಕರೀತೀರಿ ಅಂತ. ತಿಪ್ಪಯ್ಯ ಆಕಾಶ ನೋಡಿದ. ಅವನ ಹೆಂಡತಿ ಒಳಗಿನಿಂದ, "ದೊಡ್ಡಮಾವ ಅಂತ. ಕೈ ಎತ್ತಿದರೆ ಥೇಟ್ ನಮ್ಮ ದೊಡ್ಡಮಾವನೇ," ಅಂದಳು. ಪ್ಯಾರೇಜಾನ್ ಸಾಬರ ಬೀಸಣಿಗೆಯವಳು ಹವಾಬೀ. ಕ್ಷೌರದಂಗಡಿಯಲ್ಲಿ ಕನ್ನಡಿ ಹಿಡಿಯುವವಳು ಸತ್ಯವತಿ. ಗಿರಾಕಿಗಳಿಗೆ ಬೇಜಾರಾಗದಿರಲಿ ಅಂತ ಹೊರಗೆ ಹೇಳುತ್ತಿರಲಿಲ್ಲವಂತೆ. ದೇವೀರಿಯ ಮನೆಯ, ನೀರು ಕುಡಿದೂ ಕುಡಿದೂ ತಲೆ ಎತ್ತುವ ಹಿತ್ತಾಳೆ ಗಿಣಿಗೆ ಅವಳ ತಮ್ಮನ ಹೆಸರು. ಒಬ್ಬರು ಹೇಳಿದ್ದೇ ತಡ, ಊರೆಲ್ಲ ಹಾಳೆಯ ಸುತ್ತ ಮುತ್ತಿಕೊಂಡಿತು. ನಮ್ಮವಳ ಹೆಸರು ಮೊದಲು ಬರಲಿ, ನಮ್ಮವನಿಗೆ ಇನಿಷಿಯಲ್ ಹಾಕಿ, ಅವರ ಮನೆಯವನೂ ಮಲ್ಲೇಶಿ ನಮ್ಮ ಮನೆಯವನೂ ಮಲ್ಲೇಶಿ ಆದರೆ ಲಾರಿಯವನಿಗೆ ಗೊಂದಲ ಆಗಲ್ವಾ! ಹಳೇ ಕಾಗದ ಹರಿದು ಹೊಸದಾಗಿ ಬರೆದೆ: "ತಾವು ಕೇಳಿದ ಒಂದು ಪದ ನಮ್ಮಲ್ಲಿಲ್ಲ. ಇದ್ದ ಪದಗಳನ್ನು ನಾವು ಜಗಳಕ್ಕೆ ಮಾತ್ರ ಬಳಸುತ್ತೇವೆ. ಕರೆಯುವುದು ಹೀಗೆ." ಕೆಳಗೆ ಹೆಸರುಗಳು. ಎಂಟನೇ ದಿನ ಮೂರು ಗಂಟೆಗೆ ಏಳು ಹಾಳೆ ತುಂಬಿ, ಎಂಬತ್ತೆರಡು ಹೆಸರಾಗಿತ್ತು.

"ಅಜ್ಜಿ, ನಾಲ್ಕು ಗಂಟೆ ಬಸ್ಸಿಗೆ ಚೀಲ ಹಾಕಬೇಕು," ಅಂತ ಸಣ್ಣಮಾದು ಬಾಗಿಲಲ್ಲಿ ಒಂದೇ ಕಾಲಿನಲ್ಲಿ ನಿಂತಿದ್ದ.

"ಇನ್ನೊಂದು ಇದೆ ತಡಿಯೋ."

ಇನ್ನೊಂದು ನಮ್ಮದೇ. ನಾನು ಅವಳ ಮುಂದೆ ಕೂತು ಯೋಚಿಸಿದೆ. ಐವತ್ತೈದು ವರ್ಷ ಸಂಸಾರ ಮಾಡಿದ್ದೇನೆ. ಪ್ರತಿ ಶುಕ್ರವಾರ ಮೈ ತಿಕ್ಕಿದ್ದೇನೆ. ತಿಕ್ಕುವಾಗ ಏನು ಅನ್ನುತ್ತಿದ್ದೆ? "ಏ, ತಿರುಗೇ." "ಏ, ನಿನ್ನ ಕಂಕುಳು ನೋಡು." ಏ, ಅಷ್ಟೇ. ಅವಳಿಗೂ ನಾನು ಹೆಸರಿಟ್ಟಿರಲಿಲ್ಲ. ಊರೆಲ್ಲ ಸುತ್ತಿ ಎಲ್ಲರ ಮನೆಯ ಗುಟ್ಟು ಬರೆದವಳ ಸಾಲೇ ಖಾಲಿ. ನಮ್ಮ ಮನೆಯವರನ್ನು ಕೇಳಿದೆ, ನೀವೇನಾದರೂ ಇಟ್ಟಿದ್ದೀರಾ ಅಂತ. "ರುಮಾಲಾ? ಇಲ್ಲೇ ಇಟ್ಟಿದ್ದೆ," ಅಂದರು. ಅವರಿಗೆ ಕಿವಿ ಮಂದ.

ಆಗ ಬಾಗಿಲು ಕತ್ತಲಾಯಿತು. ಕೆಂಪನಂಜಮ್ಮನವರು ನಿಂತಿದ್ದರು. ಒಂದು ಕೈಯಲ್ಲಿ ಕೀಲಿ, ಇನ್ನೊಂದರಲ್ಲಿ ತಂಬಿಗೆ ನೀರು.

"ಎಷ್ಟಾಯ್ತು?"

"ಒಂದು ಬಾಕಿ. ಇವಳದು."

ಅವರು ಒಳಗೆ ಬಂದು ಅವಳನ್ನು ಮೇಲಿಂದ ಕೆಳಗೆ ನೋಡಿದರು, ರುಮಾಲು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟರು. "ಬರಿ. ಕೆಂಪನಂಜಿ."

"ನಿಮ್ಮ ಹೆಸರಾ?"

"ಮತ್ತೆ? ಯಾಕೆ, ದುಂಡಗೆ ಬರೋದಿಲ್ವಾ?"

"ಇವಳು ದಿನಾ ನನ್ನ ಕೈಗೆ ನೀರು ಹುಯ್ತಾಳೆ ಅಮ್ಮಾವ್ರೆ. ಊರೋರು ನಗ್ತಾರೆ."

"ನಗಲಿ. ನೀನು ನಮ್ಮನೇಲಿ ಹುಯ್ದಾಗ ನಾನೇನು ಅತ್ತಿದ್ನಾ?" ಅವರು ಕೀಲಿಯನ್ನು ಸೆರಗಿನಲ್ಲಿ ಒರೆಸಿದರು. "ಕೆಂಪನಂಜಮ್ಮನೋರು ಅಂತ ಮಾತ್ರ ಬರೀಬೇಡ. ಹಾಗೆ ಬರೆದರೆ ಅವಳು ಕೆಲಸ ಮಾಡಲ್ಲ. ನನಗೆ ಗೊತ್ತಲ್ಲ."

ನಾನು ಬರೆದೆ. ಕೈ ಎದ್ದಿತು. ಅವರು ಕೀಲಿ ತೂರಿಸಿ ತಿರುಗಿಸಿದರು, ಒಂದು, ಎರಡು, ಮೂರು, ಬಾಯಲ್ಲಿ ಎಣಿಸುತ್ತಾ ಹನ್ನೆರಡೂ. ಒಳಗೆ ಏನೋ ಕೆಮ್ಮಿದ ಹಾಗಾಯಿತು. ಒಂಬತ್ತು ವರ್ಷದಿಂದ ನಿಂತಿದ್ದ ಗಿಂಡಿ ಉಳಿದರ್ಧ ವಾಲಿತು. ಮೊದಲು ಒಂದು ಜೇಡ ಬಂತು. ಆಮೇಲೆ ನಮ್ಮ ಮನೆಯವರು ಆರು ವರ್ಷದ ಹಿಂದೆ ನಾನೇ ಬಿಸಾಡಿದೆ ಅಂತ ಹಟ ಹಿಡಿದಿದ್ದ ನಶ್ಯದ ಡಬ್ಬಿ ಬಿತ್ತು. "ಓ, ಇಲ್ಲಿತ್ತಾ," ಅಂದರು, ಅಷ್ಟೇ.

ಕೆಂಪನಂಜಮ್ಮನವರು ಗಿಂಡಿ ತೊಳೆದು, ತಂಬಿಗೆಯ ನೀರು ತಾವೇ ತುಂಬಿದರು. ಅವಳು ಮತ್ತೆ ಬಗ್ಗಿದಳು. ನಾನು ಕೈ ಒಡ್ಡಿದೆ. ನೀರು ಬಿತ್ತು. ಎರಡು ದಿನದ ಶಾಯಿ ಬೆರಳಿನಿಂದ ಇಳಿದು ಹೋಗುವವರೆಗೂ ಬಿದ್ದಿತು. ಅವಳು ಎಡಗೈಯಲ್ಲಿದ್ದ ಒರೆಸುವ ವಸ್ತ್ರ ಚಾಚಿ ತಲೆ ಬಾಗಿಸಿದಳು. "ಸಾಕು ಕೆಂಪನಂಜಿ," ಅಂದೆ. ಇಬ್ಬರಲ್ಲಿ ಯಾರೂ ತಿರುಗಿ ಮಾತಾಡಲಿಲ್ಲ.

"ಅಜ್ಜೀ, ಬಸ್ಸು!"

ಎಂಟು ಹಾಳೆ ಮಡಿಚಿ ಲಕೋಟೆಗೆ ತುಂಬಿದೆ. ಕಚೇರಿಯವರು ಇದನ್ನು ಉತ್ತರ ಅಂತ ಒಪ್ಪುತ್ತಾರೋ ಬಿಡುತ್ತಾರೋ ನನಗೇನು ಗೊತ್ತು. ಎಂಬತ್ತಮೂರು ಹೆಸರು ಓದಿದ ಮೇಲೂ ರಾಜಶೇಖರನನ್ನು ತಕ್ಕಡಿಗೆ ಹಾಕುವವನಿದ್ದರೆ ಅವನು ಬಂದು ಕೆಂಪನಂಜಮ್ಮನವರಿಗೆ ಮುಖ ತೋರಿಸಲಿ. ಸಣ್ಣಮಾದು ಜೇಬಿನಿಂದ ಸ್ಟ್ಯಾಂಪು ತೆಗೆದು ನನ್ನ ಕೈಗಿಟ್ಟು, ಗೋಂದು ಒಣಗಿದೆ, ನೀರು ಹಚ್ಚಿದರೆ ಹಿಡಿಯಲ್ಲ, ಎಂಜಲೇ ಆಗಬೇಕು ಅಂದ. ನನ್ನ ಬಾಯಿ ಒಣಗಿತ್ತು. ಕೆಂಪನಂಜಮ್ಮನವರು ಸ್ಟ್ಯಾಂಪನ್ನು ನನ್ನ ಕೈಯಿಂದ ಕಿತ್ತುಕೊಂಡು, ಅತ್ತ ಇತ್ತ ನೋಡಿ, ನಾಲಿಗೆ ಚಾಚಿ ಉದ್ದಕ್ಕೂ ನೆಕ್ಕಿ, ಲಕೋಟೆಗೆ ಹಚ್ಚಿ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದರು.

"ನಮ್ಮಮ್ಮ ನೋಡಿದ್ದರೆ," ಅಂದರು.

ಸಣ್ಣಮಾದು ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿನ ಕಡೆ ತುಳಿದ.